ಒಇಟಿ ಸ್ಪೀಕಿಂಗ್: ಕೋಲಾರದ ನಾಲಿಗೆ ಇಟ್ಟುಕೊಂಡೇ ತಯಾರಾದ ಬಗೆ

ಕೋಲಾರ ಜಿಲ್ಲೆಯಲ್ಲಿ ಹುಟ್ಟಿದವರಿಗೆ ‘ನಿಮ್ಮ ಮಾತು ಒಂಥರಾ ಇದೆ’ ಅನ್ನಿಸಿಕೊಳ್ಳುವುದು ಹೊಸದಲ್ಲ. ಬೆಂಗಳೂರಿಗೆ ಹೋದರೆ ನಮ್ಮ ಕನ್ನಡದಲ್ಲಿ ತೆಲುಗು ಇದೆ ಅನ್ನುತ್ತಾರೆ. ಮದನಪಲ್ಲಿಯ ನೆಂಟರ ಮನೆಗೆ ಹೋದರೆ ನಮ್ಮ ತೆಲುಗಿನಲ್ಲಿ ಕನ್ನಡ ಇದೆ ಅನ್ನುತ್ತಾರೆ. ಇಂಗ್ಲಿಷ್ ಮಾತಾಡಿದರೆ ಎರಡೂ ಇದೆ ಅನ್ನುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಗಡಿ ಜಿಲ್ಲೆಯ ಮಾತು ಹಾಗೇ ಇರುತ್ತದೆ. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಕನ್ನಡಕ್ಕೆ 1983ರ ಜ್ಞಾನಪೀಠ ತಂದುಕೊಟ್ಟವರು ಅವರೇ. ಮನೆಯೊಳಗೆ ಒಂದು ಭಾಷೆ, ಹೊರಗೆ ಇನ್ನೊಂದು ಅನ್ನುವುದು ಇಲ್ಲಿ ಯಾರಿಗೂ ವಿಶೇಷವಲ್ಲ.

ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲಿ ತೆಲುಗು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ವಾರ್ಡಿನಲ್ಲಿ ಕನ್ನಡ, ತೆಲುಗು, ಕೆಜಿಎಫ್ ಕಡೆಯಿಂದ ಬಂದವರ ಜೊತೆ ತಮಿಳು, ಆಪಾಗಳ ಜೊತೆ ದಖ್ಖನಿ ಉರ್ದು, ಡಾಕ್ಟರ ಜೊತೆ ಇಂಗ್ಲಿಷ್. ಇಷ್ಟೂ ಒಂದೇ ಡ್ಯೂಟಿಯಲ್ಲಿ ಬಂದುಹೋಗುತ್ತವೆ. ಹೊರದೇಶಕ್ಕೆ ಹೋಗುವ ನರ್ಸ್‌ಗಳು ಬರೆಯುವ ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್ ಭಾಗಕ್ಕೆ ನಾನು ಹೇಗೆ ತಯಾರಾದೆ ಅಂತ ತಂಗಿಯಂದಿರು ಬಹಳ ಜನ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡೋಣ ಅಂತ ಕೂತಿದ್ದೇನೆ.

ಮೊದಲು ಪರೀಕ್ಷೆಯ ವಿಷಯ. ಇಂಗ್ಲೆಂಡಿನಲ್ಲಿ ನರ್ಸ್ ಆಗಬೇಕಾದರೆ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿಯಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಇಂಗ್ಲಿಷ್ ಬರುತ್ತದೆ ಅಂತ ತೋರಿಸಬೇಕು. ಐಇಎಲ್‌ಟಿಎಸ್ ಕೊಡಬಹುದು, ಇಲ್ಲವೇ ಒಇಟಿ. ಒಇಟಿ ಆಸ್ಟ್ರೇಲಿಯಾದಲ್ಲಿ 1980ರ ದಶಕದ ಕೊನೆಗೆ ಶುರುವಾದದ್ದು, ಆಸ್ಪತ್ರೆ ಕೆಲಸದವರಿಗೆಂದೇ ಮಾಡಿದ ಪರೀಕ್ಷೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಒಂದೊಂದಕ್ಕೂ 500 ಅಂಕ. ಎನ್‌ಎಂಸಿಗೆ ಬರವಣಿಗೆಯಲ್ಲಿ ಸಿ ಪ್ಲಸ್ ಸಾಕು. ಉಳಿದ ಮೂರರಲ್ಲಿ ಬಿ ಬೇಕು, ಅಂದರೆ 350ಕ್ಕೆ ಕಡಿಮೆ ಬರಬಾರದು.

ಸ್ಪೀಕಿಂಗ್ ಸುಮಾರು 20 ನಿಮಿಷದ್ದು. ಶುರುವಿನಲ್ಲಿ ಸ್ವಲ್ಪ ಮಾತು ಇರುತ್ತದೆ, ಅದಕ್ಕೆ ಅಂಕ ಇಲ್ಲ. ಆಮೇಲೆ ಎರಡು ರೋಲ್ ಪ್ಲೇ. ಒಂದು ಕಾರ್ಡ್ ಕೊಡುತ್ತಾರೆ, ಓದಿಕೊಳ್ಳಲು 3 ನಿಮಿಷ, ಮಾತಾಡಲು ಸುಮಾರು 5 ನಿಮಿಷ. ನಾವು ನರ್ಸ್, ಎದುರಿಗಿರುವವರು ರೋಗಿ ಅಥವಾ ರೋಗಿಯ ಕಡೆಯವರು. ಆ ಎದುರಿಗಿರುವವರು ಅಂಕ ಕೊಡುವುದಿಲ್ಲ. ರೆಕಾರ್ಡಿಂಗ್ ಕೇಳಿ ಬೇರೆಯವರು ಕೊಡುತ್ತಾರೆ. ನನಗೆ ಓದುವುದು, ಬರೆಯುವುದು ಕಷ್ಟ ಆಗಲಿಲ್ಲ. ಹೆದರಿಕೆ ಇದ್ದದ್ದು ಈ 20 ನಿಮಿಷಕ್ಕೆ.

ಮೊದಲು ಬೆಂಗಳೂರಿನ ಒಂದು ಕೋಚಿಂಗ್ ಸೆಂಟರ್ ಸೇರಿದೆ. ರಜೆಯ ದಿನ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸ್ಪೀಕಿಂಗ್ ಹೇಳಿಕೊಡುತ್ತಿದ್ದವರು ಹಿಂದೆ ಕಾಲ್ ಸೆಂಟರ್‌ನಲ್ಲಿ ಟ್ರೇನರ್ ಆಗಿದ್ದವರು. ಅವರ ಬಾಯಲ್ಲಿ ಯಾವಾಗಲೂ ಎಂಟಿಐ, ಅಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್. ಅದನ್ನು ತೆಗೀಬೇಕು, ಕ್ಲೀನ್ ಮಾಡಬೇಕು ಅನ್ನುತ್ತಿದ್ದರು. ವಾಟರ್ ಅನ್ನುವುದನ್ನು ‘ವಾಡರ್’ ಅಂತ ಹೇಳಿಸಿದರು. ಪ್ರತಿ ‘ರ್’ ಅನ್ನೂ ನಾಲಿಗೆ ಮಡಚಿ ಹೇಳಬೇಕು. ನಾನು ಹೋಗುತ್ತೇನೆ ಅಂದಿದ್ದು ಇಂಗ್ಲೆಂಡಿಗೆ, ಅವರು ಹೇಳಿಕೊಡುತ್ತಿದ್ದದ್ದು ಅಮೆರಿಕದ ಮಾತು. ಮನೆಯಲ್ಲಿ ಜೋರಾಗಿ ಅಭ್ಯಾಸ ಮಾಡುತ್ತಿದ್ದರೆ ನಮ್ಮ ಅವ್ವ ಬಂದು ‘ಎವರಿ ಮೀದ ಕೋಪಮೇ ನೀಕು’ ಅಂತ ಕೇಳಿದಳು. ಯಾರ ಮೇಲೋ ಸಿಟ್ಟು ಮಾಡಿಕೊಂಡಿದ್ದೇನೆ ಅಂದುಕೊಂಡಿದ್ದಳು ಪಾಪ.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಒಂದು ದಿನ ಅವರು ನನ್ನ ಹೆಸರಿಗೇ ಬಂದರು. ಮುನಿಲಕ್ಷ್ಮಿ ಅನ್ನುವುದು ಅಲ್ಲಿನವರ ಬಾಯಿಗೆ ಬರೋದಿಲ್ಲ, ಸುಮ್ನೆ ‘ಲಕ್ಕಿ’ ಅಂತ ಹೇಳಿಕೊಳ್ಳಿ ಅಂದರು. ನಮ್ಮ ಕಡೆ ಮುನೇಶ್ವರ ಮನೆದೇವರು. ಮುನಿಯಪ್ಪ, ಮುನಿಸ್ವಾಮಿ, ಮುನಿಯಮ್ಮ ಇಲ್ಲದ ಊರು ಕೋಲಾರ ಜಿಲ್ಲೆಯಲ್ಲಿ ಹುಡುಕಬೇಕು. ನನ್ನ ಹೆಸರು ಇಟ್ಟದ್ದು ತಾತ, ಹರಕೆ ಹೊತ್ತು. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಮುಂದಿನ ವಾರದಿಂದ ಹೋಗಲಿಲ್ಲ.

ಹೆಸರಿನ ಸಿಟ್ಟು ಒಂದು ಕಡೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ರೋಲ್ ಪ್ಲೇಯಲ್ಲಿ ಎದುರಿಗಿರುವ ‘ರೋಗಿ’ ಅಳುವ ಹಾಗೆ ಮಾಡುತ್ತಿದ್ದಾರೆ. ನನ್ನ ಗಮನ ಎಲ್ಲಾ ನಾಲಿಗೆ ಎಲ್ಲಿ ಮಡಚಬೇಕು ಅನ್ನುವುದರ ಮೇಲೆ. ಅವರೇನು ಹೇಳಿದರು ಅನ್ನುವುದೇ ಕಿವಿಗೆ ಬೀಳುತ್ತಿರಲಿಲ್ಲ. ನಾಳೆ ನಿಜವಾದ ರೋಗಿಯ ಮುಂದೆ ಹೀಗೆ ನಿಂತರೆ ಏನು ಗತಿ?

ಆಮೇಲೆ ಒಇಟಿಯವರೇ ಪ್ರಕಟಿಸಿರುವ ಅಂಕದ ಮಾನದಂಡ ತೆಗೆದು ನಿಧಾನವಾಗಿ ಓದಿದೆ. ದುಡ್ಡು ಕೊಡದೆ ಸಿಗುತ್ತದೆ, ದಯವಿಟ್ಟು ಮೊದಲು ಅದನ್ನು ಓದಿ. ಒಟ್ಟು ಒಂಬತ್ತು ವಿಷಯಕ್ಕೆ ಅಂಕ. ನಾಲ್ಕು ಭಾಷೆಗೆ ಸೇರಿದ್ದು, ಒಂದೊಂದಕ್ಕೂ 6. ಐದು ರೋಗಿಯ ಜೊತೆ ನಡೆದುಕೊಳ್ಳುವ ರೀತಿಗೆ ಸೇರಿದ್ದು, ಒಂದೊಂದಕ್ಕೂ 3. ಭಾಷೆಯ ನಾಲ್ಕರಲ್ಲಿ ಉಚ್ಚಾರಣೆಗೆ ಸಂಬಂಧಪಟ್ಟದ್ದು ಒಂದೇ. ಅದರಲ್ಲೂ ಅವರು ನೋಡುವುದು ಕೇಳುವವರಿಗೆ ಸುಲಭವಾಗಿ ಅರ್ಥ ಆಗುತ್ತದೋ ಇಲ್ಲವೋ ಅಂತ. ಮಾತೃಭಾಷೆಯ ಆಕ್ಸೆಂಟ್ ಎದ್ದು ಕಂಡರೂ, ಅರ್ಥಕ್ಕೆ ಅಡ್ಡ ಬರದಿದ್ದರೆ 6ಕ್ಕೆ 5 ಕೊಡುವಂತಿದೆ. ನಾನು ಇದನ್ನು ನೈಟ್ ಡ್ಯೂಟಿಯಲ್ಲಿ ಓದಿದೆ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೊಂದು ಸಲ ಓದಿದೆ.

ಅರ್ಥ ಆಗುತ್ತದೋ ಇಲ್ಲವೋ ಅಂತ ಹೇಳುವವರು ಯಾರು? ನಮ್ಮ ವಾರ್ಡಿನವರಿಗೆ ನನ್ನ ಮಾತು ಅಭ್ಯಾಸ ಆಗಿಬಿಟ್ಟಿದೆ. ಅರ್ಧ ಹೇಳಿದರೂ ತಿಳಿದುಕೊಳ್ಳುತ್ತಾರೆ. ಆಗ ನೆನಪಾದವರು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಬ್ಬ ಸಿಸ್ಟರ್. ಗಣಿ ಆಸ್ಪತ್ರೆಯಲ್ಲಿ ಕೆಲಸ ಶುರು ಮಾಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಗಲ್ಫ್‌ಗೆ ಹೋಗಿ, ಫಿಲಿಪ್ಪೀನ್ಸ್, ಈಜಿಪ್ಟ್, ಐರ್ಲೆಂಡ್ ಹೀಗೆ ಎಲ್ಲಾ ದೇಶದವರ ಜೊತೆ ದುಡಿದು ರಿಟೈರ್ ಆಗಿ ಬಂದಿದ್ದಾರೆ. ಮನೆಮಾತು ತಮಿಳು. ಇಂಗ್ಲಿಷಿನಲ್ಲಿ ಕೆಜಿಎಫ್ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಒಂದು ಅಕ್ಷರ ತಪ್ಪಿಹೋಗುವುದಿಲ್ಲ.

ಅವರಿಗೆ ಕೋಚಿಂಗ್ ಕಥೆ ಹೇಳಿದೆ. ಅವರು ಬೈಯಲಿಲ್ಲ, ನಗಲಿಲ್ಲ. ‘ನಮ್ಮ ತಾತನ ಕಾಲದಲ್ಲಿ ಇಲ್ಲಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸದವರು ಬಂದಿದ್ರಮ್ಮ. ಅವರ ಇಂಗ್ಲಿಷೂ ಲಂಡನ್ ಇಂಗ್ಲಿಷ್ ಅಲ್ಲ. ನೀನು ಯಾರ ಥರ ಮಾತಾಡಬೇಕು ಅನ್ನೋದು ಬಿಡು. ನಾನು ಕೇಳಿಸಿಕೊಳ್ತೀನಿ, ನೀನು ಮಾತಾಡು’ ಅಂದರು.

ಅವರ ವಿಧಾನ ಹೀಗಿತ್ತು. ನಾನು ಹಾಲ್‌ನಲ್ಲಿ ಕೂರಬೇಕು. ಅವರು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡು ಸ್ಟೂಲ್ ಮೇಲೆ ಕೂರುತ್ತಿದ್ದರು. ಒಲೆ ಮೇಲೆ ಕುಕ್ಕರ್ ಇರುತ್ತಿತ್ತು. ಕೆಲವು ಸಲ ಮಿಕ್ಸಿಯನ್ನೂ ಹಾಕುತ್ತಿದ್ದರು. ‘ವಾರ್ಡ್ ಯಾವ ದಿನ ಸೈಲೆಂಟ್ ಆಗಿರುತ್ತೆ ಹೇಳು’ ಅನ್ನುತ್ತಿದ್ದರು. ನಾನು ಒಂದೊಂದೇ ವಾಕ್ಯ ಹೇಳಬೇಕು, ಅವರು ನೋಟ್‌ಬುಕ್ಕಿನಲ್ಲಿ ಕೇಳಿದ್ದನ್ನು ಬರೆಯಬೇಕು. ಊಹೆ ಮಾಡುವಂತಿಲ್ಲ, ಕಿವಿಗೆ ಬಿದ್ದದ್ದನ್ನೇ ಬರೆಯುವುದು. ಆಮೇಲೆ ಇಬ್ಬರೂ ಕೂತು ನಾನು ಹೇಳಿದ್ದಕ್ಕೂ ಅವರು ಬರೆದದ್ದಕ್ಕೂ ತಾಳೆ ನೋಡುತ್ತಿದ್ದೆವು. ಬೇರೆ ಆದ ಕಡೆ ಮಾತ್ರ ಕೆಂಪು ಗೆರೆ. ಸರಿಯಾಗಿ ಬರೆದದ್ದು ಎಷ್ಟೇ ಕೋಲಾರದ ಧಾಟಿಯಲ್ಲಿದ್ದರೂ ಅದಕ್ಕೆ ಕೈ ಹಚ್ಚುತ್ತಿರಲಿಲ್ಲ.

ಇದು ಅವರು ಸ್ವಂತ ಅನುಭವದಿಂದ ಮಾಡಿಕೊಂಡದ್ದು. ಆಮೇಲೆ ಓದುವಾಗ ಗೊತ್ತಾಯಿತು, ಕೆನಡಾದ ಮರ್ರೇ ಮನ್ರೋ ಮತ್ತು ಟ್ರೇಸಿ ಡರ್ವಿಂಗ್ ಅನ್ನುವ ಸಂಶೋಧಕರು ಇಂಥದ್ದನ್ನೇ ಮಾಡಿ 1995ರಲ್ಲಿ ಪ್ರಕಟಿಸಿದ್ದಾರೆ. ಚೀನೀ ಮನೆಮಾತಿನವರ ಇಂಗ್ಲಿಷನ್ನು ಇಂಗ್ಲಿಷ್ ಮನೆಮಾತಿನವರಿಗೆ ಕೇಳಿಸಿದರು. ಕೇಳಿದ್ದನ್ನು ಬರೆಯಿರಿ ಅಂದರು, ಆಕ್ಸೆಂಟ್ ಎಷ್ಟು ಜಾಸ್ತಿ ಇದೆ ಅಂತ ಅಂಕ ಕೊಡಿ ಅಂತಲೂ ಅಂದರು. ಒಂದು ಪದವೂ ಬಿಡದೆ ಸರಿಯಾಗಿ ಬರೆದವರೇ ಎಷ್ಟೋ ಸಲ ಅದೇ ಮಾತಿಗೆ ಆಕ್ಸೆಂಟ್ ತುಂಬಾ ಇದೆ ಅಂತ ಅಂಕ ಕೊಟ್ಟಿದ್ದರು. ಆಕ್ಸೆಂಟ್ ಇರುವುದು ಬೇರೆ, ಅರ್ಥ ಆಗದಿರುವುದು ಬೇರೆ. ಕೆಂಪು ಗೆರೆ ಬಿದ್ದದ್ದು ಎಲ್ಲಿ, ಬೀಳದ್ದು ಎಲ್ಲಿ ಅಂತ ನೋಡಿದಾಗ ನನಗೂ ಅದೇ ಕಂಡಿತ್ತು.

ಮೊದಲ ಪುಟದಲ್ಲೇ ಎದೆ ಝಲ್ ಅನ್ನಿಸಿದ ಒಂದು ಗೆರೆ ಇತ್ತು. ನಾನು ಹೇಳಿದ್ದು ಫಿಫ್ಟೀನ್ ಮಿಲಿಗ್ರಾಂ. ಅವರು ಬರೆದದ್ದು 50. ಔಷಧಿಯಲ್ಲಿ ಇದು ಎಂಥ ವ್ಯತ್ಯಾಸ ಅಂತ ನರ್ಸ್‌ಗಳಿಗೆ ಹೇಳಬೇಕಾಗಿಲ್ಲ. ಸಿಸ್ಟರ್ ಇದೊಂದರ ಮೇಲೇ ಒಂದು ಮಧ್ಯಾಹ್ನ ಪೂರ್ತಿ ಕೂರಿಸಿದರು. ಫಿಫ್ಟಿ ಅನ್ನುವಾಗ ಒತ್ತು ಮೊದಲ ತುಂಡಿನ ಮೇಲೆ, ಕೊನೆ ಗಿಡ್ಡ. ಫಿಫ್ಟೀನ್ ಅನ್ನುವಾಗ ಒತ್ತು ಎರಡನೆಯದರ ಮೇಲೆ, ‘ಟೀ’ ಉದ್ದ, ಕೊನೆಯ ‘ನ್’ ಪೂರ್ತಿ ಕೇಳಿಸಬೇಕು. ನಮ್ಮ ಭಾಷೆಗಳಲ್ಲಿ ಪದದ ಯಾವ ತುಂಡನ್ನು ಒತ್ತಿದರೂ ಅರ್ಥ ಬದಲಾಗುವುದಿಲ್ಲ. ಹಾಗಾಗಿ ನಾವು ಎಲ್ಲವನ್ನೂ ಒಂದೇ ಸಮ ಹೇಳಿಕೊಂಡು ಹೋಗುತ್ತೇವೆ. ಇಂಗ್ಲಿಷ್ ಕಿವಿ ಮೊದಲು ಹುಡುಕುವುದೇ ಒತ್ತನ್ನು. ಅದು ಸಿಗದಿದ್ದರೆ ಪದವೇ ಸಿಗುವುದಿಲ್ಲ.

ಇಷ್ಟಾದರೂ ಪೂರ್ತಿ ಭರವಸೆ ಇಲ್ಲ. ಮುಂದೆ ಇನ್ನೊಂದು ಪದ ಬಂದಾಗ ಫಿಫ್ಟೀನ್‌ನ ಒತ್ತು ಇಂಗ್ಲಿಷಿನವರ ಬಾಯಲ್ಲೇ ಹಿಂದಕ್ಕೆ ಸರಿಯುತ್ತದೆ. ಫೋನಿನಲ್ಲಿ ಅವರಿಗವರಿಗೇ ಗೊಂದಲ ಆಗುತ್ತದೆ. ಅದಕ್ಕೇ ಔಷಧಿಯ ಸುರಕ್ಷತೆ ನೋಡುವವರು ಅಂಕಿಗಳನ್ನು ಬಿಡಿಸಿ ಹೇಳಿ ಅನ್ನುತ್ತಾರೆ. ‘ಫಿಫ್ಟೀನ್, ಒನ್ ಫೈವ್’. ‘ಫಿಫ್ಟಿ, ಫೈವ್ ಝೀರೋ’. ಕೇಳಿದವರು ಅದನ್ನು ಬರೆದುಕೊಂಡು ವಾಪಸ್ ಓದಿ ಹೇಳಬೇಕು. ನಾನು ಅಂದಿನಿಂದ ರಾತ್ರಿ ಡಾಕ್ಟರ್ ಫೋನಿನಲ್ಲಿ ಆರ್ಡರ್ ಕೊಟ್ಟಾಗಲೆಲ್ಲ ಹೀಗೆ ಮಾಡುತ್ತೇನೆ. ಪರೀಕ್ಷೆಗೆ ಅಂತ ಕಲಿತದ್ದರಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನ್ನಿಸಿರುವುದು ಇದೇ.

ಇನ್ನೊಂದು ಕೆಂಪು ಗೆರೆ ‘ಇಯರ್’ ಮೇಲೆ. ಕಿವಿ ನೋವು ಅಂತ ನಾನು ಹೇಳಿದ್ದು, ವರ್ಷ ಅಂತ ಅವರು ಬರೆದದ್ದು. ನಾವು ಎಲೆಯನ್ನು ಯೆಲೆ ಅನ್ನುತ್ತೇವೆ, ಒಲೆಯನ್ನು ವೊಲೆ ಅನ್ನುತ್ತೇವೆ. ಪದ ಇ, ಎ ಥರದ ಸ್ವರದಿಂದ ಶುರುವಾದರೆ ಅದರ ಹಿಂದೆ ಸಣ್ಣ ‘ಯ’, ಉ, ಒ ಥರದ್ದರಿಂದ ಶುರುವಾದರೆ ‘ವ’ ತಾನಾಗೇ ಬರುತ್ತದೆ. ಕನ್ನಡದಲ್ಲಿ ಇದರಿಂದ ಏನೂ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಇಯರ್ ಹೋಗಿ ಯಿಯರ್ ಆದರೆ ಬೇರೆ ಪದವೇ ಆಗುತ್ತದೆ. ನೋವು ಅನ್ನುವ ‘ಏಕ್’ ಕೂಡ ನನ್ನ ಬಾಯಲ್ಲಿ ‘ಯೇಕ್’ ಆಗುತ್ತಿತ್ತು. ಸಿಸ್ಟರ್ ಹೇಳಿದರು: ‘ಹೆಡೇಕ್ ಅಂತ ಹೇಳು. ಅದರಲ್ಲಿ ಯ ಬರಲ್ಲ, ಅಲ್ವಾ? ಈಗ ಹೆಡ್ ಅನ್ನೋದನ್ನ ಮನಸ್ಸಲ್ಲಿ ಹೇಳಿಕೋ, ಏಕ್ ಅನ್ನೋದನ್ನ ಬಾಯಲ್ಲಿ ಹೇಳು.’ ಮಾಡಿ ನೋಡಿ, ತಕ್ಷಣ ಬರುತ್ತದೆ.

‘ಪೇನ್’ ಅಂದಾಗ ಒಂದೆರಡು ಕಡೆ ‘ಬೇನ್’ ಅಂತ ಬರೆದಿದ್ದರು. ಇಂಗ್ಲಿಷಿನವರು ಪದದ ಮೊದಲಿಗೆ ಬರುವ ಪ, ಟ, ಕಗಳಿಗೆ ಉಸಿರು ಸೇರಿಸುತ್ತಾರೆ. ನಮ್ಮ ಮಹಾಪ್ರಾಣದ ಹಾಗೆ. ಉಸಿರಿಲ್ಲದ ‘ಪ’ ಅವರ ಕಿವಿಗೆ ‘ಬ’ಕ್ಕೆ ಹತ್ತಿರ. ಸಿಸ್ಟರ್ ಗಲ್ಫ್‌ನಲ್ಲಿ ಇದನ್ನು ಅನುಭವಿಸಿದ್ದರು. ತುಟಿ ಮುಂದೆ ತೆಳು ಕಾಗದದ ಚೂರು ಹಿಡಿದು ‘ಪೇನ್’, ‘ಪಿಲ್’, ‘ಪಲ್ಸ್’ ಹೇಳಬೇಕು, ಕಾಗದ ಅಲ್ಲಾಡಬೇಕು. ನಮ್ಮ ಮಾತಿನಲ್ಲಿ ಮಹಾಪ್ರಾಣ ಅಷ್ಟಾಗಿ ಬಳಸುವುದಿಲ್ಲ, ಹೀಗಾಗಿ ಇದು ನನಗೆ ಜಾಸ್ತಿ ದಿನ ತೆಗೆದುಕೊಂಡಿತು.

ಗಾಯ ಅನ್ನುವ ವೂಂಡ್‌ಗೆ ತುಟಿ ಗುಂಡಗೆ ಮಾಡಬೇಕು, ಹಲ್ಲು ತಾಗಬಾರದು. ರಕ್ತನಾಳ ಅನ್ನುವ ವೇನ್‌ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ನಮಗೆ ಎರಡಕ್ಕೂ ಒಂದೇ ‘ವ’. ಕನ್ನಡಿ ಮುಂದೆ ನಿಂತು ಕಲಿತೆ. ಮಾತು ನಿಲ್ಲಿಸುವಾಗ ಕೊನೆಯಲ್ಲಿ ಬರುವ ‘ಉ’ ಕೂಡ ಹಾಗೇ. ಟೆಸ್ಟು, ಬೆಡ್ಡು, ಬ್ಲಡ್ಡು. ಪದ ಮುಗಿದ ತಕ್ಷಣ ಬಾಯಿ ಮುಚ್ಚಿ ಹಿಡಿದರೆ ಅದು ನಿಲ್ಲುತ್ತದೆ.

ತಲೆಸುತ್ತಿಗೆ ಹೇಳುವ ‘ಡಿಜ಼ಿ’ಯ ಜ಼ ನನಗೆ ಬರುತ್ತಲೇ ಇರಲಿಲ್ಲ, ‘ಡಿಜ್ಜಿ’ ಆಗುತ್ತಿತ್ತು. ಇದನ್ನು ಕಲಿಸಿದ್ದು ನಮ್ಮ ವಾರ್ಡಿನ ಆಯಾ. ಅವರು ಇಂಗ್ಲಿಷ್ ಓದಿದವರಲ್ಲ. ಆದರೆ ದಖ್ಖನಿಯಲ್ಲಿ ದಿನಾ ‘ಜ಼ರಾ’, ‘ಬಾಜ಼ಾರ್’ ಅನ್ನುತ್ತಾರೆ. ನಾನು ಅವರ ಬಾಯಿ ನೋಡಿಕೊಂಡು ‘ಜ಼ರಾ’ ಹೇಳಿ ಹೇಳಿ, ಆಮೇಲೆ ‘ಡಿಜ಼ಿ’ಗೆ ಬಂದೆ. ಎಷ್ಟೋ ದುಡ್ಡು ಕೊಟ್ಟು ಬೆಂಗಳೂರಿನಲ್ಲಿ ಹುಡುಕಿದ್ದು ಪಕ್ಕದ ಬೆಡ್ ಒರೆಸುತ್ತಿದ್ದವರ ಬಾಯಲ್ಲಿತ್ತು. ಎಂಟಿಐ ಅಂತ ಬೈಯುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ. ನಮ್ಮ ಜಿಲ್ಲೆಯ ಮನೆಮಾತುಗಳಲ್ಲೇ ಇಂಗ್ಲಿಷಿಗೆ ಬೇಕಾದ ಎಷ್ಟೋ ದನಿಗಳಿವೆ.

ಇನ್ನು ಏನನ್ನು ಮುಟ್ಟಲಿಲ್ಲ ಅನ್ನುವುದೂ ಮುಖ್ಯ. ನನ್ನ ‘ಟ’, ‘ಡ’ ಅಚ್ಚ ಕನ್ನಡದವು. ‘ಥ್ಯಾಂಕ್ಸ್’ ಅನ್ನು ನಾಲಿಗೆ ಹಲ್ಲಿನ ನಡುವೆ ತಂದು ಹೇಳುವುದಿಲ್ಲ. ‘ರ್’ ಮಡಚುವುದಿಲ್ಲ. ಇವುಗಳಿಗೆ ಸಿಸ್ಟರ್ ನೋಟ್‌ಬುಕ್ಕಿನಲ್ಲಿ ಒಂದು ಗೆರೆಯೂ ಬೀಳಲಿಲ್ಲ. ಜೆನಿಫರ್ ಜೆಂಕಿನ್ಸ್ ಅನ್ನುವ ಬ್ರಿಟಿಷ್ ಭಾಷಾತಜ್ಞೆಯೂ 2000ದಲ್ಲಿ ಇಂಥದ್ದೇ ಮಾತು ಹೇಳಿದ್ದಾರೆ. ಬೇರೆ ಬೇರೆ ದೇಶದವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವಾಗ ಆ ‘ಥ’ ಅರ್ಥಕ್ಕೆ ಅಷ್ಟೇನೂ ಬೇಕಾಗುವುದಿಲ್ಲ ಅಂತ. ಅದರ ಮೇಲೆ ವಾರಗಟ್ಟಲೆ ಕಳೆಯುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಮಾತಿನ ದನಿಯ ಬಗ್ಗೆ ಒಂದು ವಿಷಯ. ಕನ್ನಡದಲ್ಲಿ ‘ನೋವು ಎಲ್ಲಿದೆ ಹೇಳಿ’ ಅಂದರೆ ಮರ್ಯಾದೆ ಆ ‘ಹೇಳಿ’ಯಲ್ಲೇ ಇದೆ. ಅದನ್ನೇ ಇಂಗ್ಲಿಷಿಗೆ ತಂದು ‘ಟೆಲ್ ಮಿ’ ಅಂದರೆ ಅಧಿಕಾರಿ ಕೇಳಿದ ಹಾಗೆ ಇರುತ್ತದೆ. ಅಲ್ಲಿ ನೀನು, ನೀವು ಎರಡಕ್ಕೂ ಒಂದೇ ಯೂ. ಮರ್ಯಾದೆಯನ್ನು ‘ಕುಡ್ ಯೂ’ ಅನ್ನುವುದರಲ್ಲಿ, ದನಿಯ ಇಳಿತದಲ್ಲಿ, ಮಧ್ಯೆ ಕೊಡುವ ಬಿಡುವಿನಲ್ಲಿ ತೋರಿಸಬೇಕು. ಶ್ರೀನಿವಾಸಪುರದಿಂದ ಬಂದ ಅಜ್ಜಿಯ ಮುಂದೆ ನಾನು ಇದನ್ನು ಯೋಚನೆ ಮಾಡದೆ ಮಾಡುತ್ತೇನೆ. ಡಯಾಬಿಟಿಸ್ ಅನ್ನದೆ ‘ಸಕ್ಕರೆ ಕಾಯಿಲೆ’ ಅನ್ನುತ್ತೇನೆ. ಮಂಚದ ಪಕ್ಕ ಬಾಗಿ, ಒಂದು ಮಾತು ಹೇಳಿ, ತಲೆ ಆಡಿಸುವವರೆಗೆ ಕಾಯುತ್ತೇನೆ. ರೋಗಿಯ ಜೊತೆ ನಡೆದುಕೊಳ್ಳುವ ರೀತಿಯ ಆ ಐದು ವಿಷಯಕ್ಕೆ ಅಂಕ ಬರುವುದು ಇದಕ್ಕೇ. ರೋಗಿಗೆ ಏನು ಭಯ ಅಂತ ಕೇಳಿದೆವಾ, ಹೇಳಿದ್ದು ತಿಳಿಯಿತಾ ಅಂತ ನೋಡಿದೆವಾ, ಕಷ್ಟದ ಪದ ಬಿಟ್ಟು ಸುಲಭದ ಪದ ಬಳಸಿದೆವಾ. ಕೋಲಾರದ ವಾರ್ಡಿನಲ್ಲಿ ಕೆಲಸ ಮಾಡಿದ ಯಾವ ನರ್ಸ್‌ಗೂ ಇದು ಹೊಸದಲ್ಲ. ಇಂಗ್ಲಿಷ್ ಅಂದ ತಕ್ಷಣ ಅದನ್ನೆಲ್ಲ ಮರೆತು ಬಾಯಿಪಾಠ ಒಪ್ಪಿಸುತ್ತೇವೆ, ಅಲ್ಲೇ ಅಂಕ ಹೋಗುತ್ತದೆ.

ಹೆಸರಿಗೂ ಸಿಸ್ಟರ್ ದಾರಿ ತೋರಿಸಿದರು. ‘ಮೈ ನೇಮ್ ಈಸ್’ ಅಂದ ಮೇಲೆ ಒಂದು ಕ್ಷಣ ನಿಲ್ಲು. ಮುನಿ, ಲಕ್ಷ್ಮಿ ಅಂತ ಎರಡು ತುಂಡಾಗಿ ಹೇಳು. ಮತ್ತೆ ನಿಲ್ಲು. ಹೆಸರು ಗೊತ್ತಿಲ್ಲದ ಕಿವಿಗೆ ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಗೊತ್ತಾದರೆ ಸಾಕು. ಪರೀಕ್ಷೆಯ ದಿನ ಹಾಗೇ ಹೇಳಿದೆ. ಎದುರಿಗಿದ್ದವರು ಮುಂದಿನ ವಾಕ್ಯದಲ್ಲೇ ‘ಮುನಿಲಕ್ಷ್ಮಿ’ ಅಂತ ಕರೆದರು.

ಕಾರ್ಡಿನಲ್ಲಿ ಏನಿತ್ತು ಅಂತ ಹೊರಗೆ ಹೇಳುವಂತಿಲ್ಲ, ಹೇಳುವುದೂ ಇಲ್ಲ. ಎರಡನೇ ರೋಲ್ ಪ್ಲೇಯಲ್ಲಿ ರೋಗಿಯ ಪಾತ್ರದವರು ಒಂದು ಸಲ ‘ಸಾರಿ?’ ಅಂದರು. ಮೊದಲಾಗಿದ್ದರೆ ಗಾಬರಿಯಾಗಿ ಇನ್ನೂ ವೇಗವಾಗಿ ಹೇಳುತ್ತಿದ್ದೆ. ಆ ದಿನ ಅದೇ ವಾಕ್ಯವನ್ನು ಎರಡು ಮಾಡಿ, ಮುಖ್ಯ ಪದವನ್ನು ಒತ್ತಿ ಹೇಳಿದೆ. ಅವರು ಮುಂದಕ್ಕೆ ಹೋದರು. ರಿಸಲ್ಟ್‌ನಲ್ಲಿ ಸ್ಪೀಕಿಂಗ್‌ಗೆ ಬಿ ಬಂತು, ಉಳಿದವೂ ಬೇಕಾದಷ್ಟು ಬಂದವು. ಸಿಸ್ಟರ್‌ಗೆ ಫೋನ್ ಮಾಡಿದರೆ ‘ಸಂತೋಷಮ್ಮಾ, ಸಿಬಿಟಿಗೆ ಓದು ಈಗ’ ಅಂದು ಇಟ್ಟುಬಿಟ್ಟರು.

ಸಿಬಿಟಿ ಅಂದರೆ ಎನ್‌ಎಂಸಿ ನೋಂದಣಿಗೆ ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ, ಇಲ್ಲೇ ಬರೆಯಬಹುದು. ಅದಾದ ಮೇಲಿನ ಓಸ್ಕಿ ಅನ್ನುವ ಪ್ರಾಕ್ಟಿಕಲ್ ಪರೀಕ್ಷೆ ಇಂಗ್ಲೆಂಡಿನಲ್ಲೇ. ಅಲ್ಲಿ ಪಾತ್ರಧಾರಿ ರೋಗಿಯ ಜೊತೆ ಮಾತಾಡುತ್ತಾ ಕೆಲಸ ಮಾಡಿ ತೋರಿಸಬೇಕು. ಈಗ ನಾನು ಮಾಡುತ್ತಿರುವುದು ತಿರುಗು ಅಭ್ಯಾಸ. ಲಿವರ್‌ಪೂಲ್, ಗ್ಲಾಸ್ಗೋ, ನ್ಯೂಕ್ಯಾಸಲ್ ಕಡೆಯವರ ಮಾತನ್ನು ಮೊಬೈಲಿನಲ್ಲಿ ಹಾಕಿಕೊಂಡು ಕೇಳಿದ್ದನ್ನು ಬರೆಯುತ್ತೇನೆ, ಆಮೇಲೆ ಸಬ್‌ಟೈಟಲ್ ಹಾಕಿ ತಾಳೆ ನೋಡುತ್ತೇನೆ. ಅವರ ಮಾತು ಅವರ ಊರಿನದು, ಅದನ್ನು ಹಿಡಿಯುವ ಕೆಲಸ ನನ್ನ ಕಿವಿಯದು. ಗ್ಲಾಸ್ಗೋದವರದ್ದು ಸದ್ಯಕ್ಕೆ ಅರ್ಧ ಸಿಗುತ್ತಿದೆ. ನಮ್ಮಲ್ಲೇ ಮುಳಬಾಗಿಲು, ಚಿಂತಾಮಣಿ ಕಡೆಯ ಇಬ್ಬರು ಹುಡುಗಿಯರು ಒಇಟಿಗೆ ಕಟ್ಟಿದ್ದಾರೆ. ಸಂಜೆ ಹ್ಯಾಂಡೋವರ್ ಮುಗಿದ ಮೇಲೆ ಡ್ಯೂಟಿ ರೂಮಿನಲ್ಲಿ ಒಬ್ಬಳು ಮಾತಾಡುತ್ತಾಳೆ, ಇನ್ನೊಬ್ಬಳು ಬೆನ್ನು ತಿರುಗಿಸಿ ಕೂತು ಬರೆಯುತ್ತಾಳೆ. ಕೆಂಪು ಪೆನ್ನು ನನ್ನ ಹತ್ತಿರ ಇರುತ್ತದೆ.